ಜೆಡೈ ಆಗಲು ಯಾರ ಸಹಿ ಬೇಕು?

‘ಸ್ಟಾರ್ ವಾರ್ಸ್’ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. 1977ರಲ್ಲಿ ಜಾರ್ಜ್ ಲ್ಯೂಕಸ್ ತೆರೆಗೆ ತಂದ ಆ ಕಥೆಯಲ್ಲಿ ಜೆಡೈ ಎಂಬ ಯೋಧರಿದ್ದಾರೆ. ಕೋಪ, ಭಯ ಹಿಡಿತದಲ್ಲಿರಬೇಕು, ಶಕ್ತಿಯನ್ನು ಕಾಯಲು ಬಳಸಬೇಕು ಎಂಬುದು ಅವರ ನೇಮ. ಎಲ್ಲವೂ ಕಟ್ಟುಕಥೆ. ಆದರೂ ಆ ನೇಮದಂತೆ ನಿಜವಾಗಿ ಬದುಕಲು ಹೊರಟವರಿದ್ದಾರೆ.

2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 3,90,127 ಮಂದಿ ಧರ್ಮದ ಪ್ರಶ್ನೆಗೆ ‘ಜೆಡೈ’ ಎಂದು ಬರೆದರು. ಸಾಕಷ್ಟು ಜನ ಬರೆದರೆ ಸರ್ಕಾರ ಅದನ್ನು ಧರ್ಮವೆಂದು ಒಪ್ಪಬೇಕಾಗುತ್ತದೆ ಎಂಬ ಇಮೇಲ್ ಆಗ ಹರಿದಾಡಿತ್ತು. ಅದು ಸುಳ್ಳು. ತಮಾಷೆಗೆ ಬರೆದವರೇ ಹೆಚ್ಚಿರಬೇಕು. 2011ಕ್ಕೆ ಸಂಖ್ಯೆ 1,76,632ಕ್ಕೆ ಇಳಿಯಿತು. 2016ರಲ್ಲಿ ಜೆಡೈ ಸಂಘವೊಂದು ದತ್ತಿಸಂಸ್ಥೆಯಾಗಿ ನೋಂದಾಯಿಸಿ ಎಂದು ಕೇಳಿದಾಗ ಅಲ್ಲಿನ ಚಾರಿಟಿ ಕಮಿಷನ್ ಒಪ್ಪಲಿಲ್ಲ.

ಅದರಿಂದ ಸಂಘಕ್ಕೆ ನಷ್ಟವಾಗಿರಬಹುದು. ಇವತ್ತು ಯಾರ ಮೇಲೂ ರೇಗುವುದಿಲ್ಲ ಎಂದು ಬೆಳಿಗ್ಗೆ ನಿಶ್ಚಯಿಸಿಕೊಂಡವನಿಗೆ ಏನು ನಷ್ಟ?

ಗಡಿನಾಡಿನವರಾದ ನಮಗೆ ಎಣಿಕೆಯ ಬೆಲೆ ಗೊತ್ತು. ಮಾತೃಭಾಷೆ ಕನ್ನಡ ಎಂದೇ ಬರೆಸಿ ಎಂದು ಹಿರಿಯರು ಹೇಳುವುದು ಸುಮ್ಮನಲ್ಲ. ಶಾಲೆಗೆ ಕನ್ನಡ ಮೇಷ್ಟ್ರು, ಕಚೇರಿಯಲ್ಲಿ ಕನ್ನಡ ಅರ್ಜಿ, ಇವೆಲ್ಲ ಒಬ್ಬರಿಗೋಸ್ಕರ ಬರುವುದಿಲ್ಲ. ಕೋಪ ನುಂಗಲು ಮಾತ್ರ ಯಾವ ಕಾಲಂ ಕೂಡ ಬೇಕಿಲ್ಲ. ದೀಕ್ಷಾಸ್ನಾನದ ಪುಸ್ತಕದಲ್ಲಿ ನಮ್ಮೆಲ್ಲರ ಹೆಸರಿದೆ. ವಾಲಿಬಾಲ್ ಅಂಗಳದಲ್ಲಿ ಜಗಳ ಹತ್ತಿದಾಗ ಆ ಪುಸ್ತಕ ನಮ್ಮ ಬಾಯಿ ಮುಚ್ಚಿಸಿಲ್ಲ.

ಆ ಸಿನಿಮಾಗಳನ್ನೇ ನೋಡಿ. ಮೊದಲ ಚಿತ್ರದ ಹೊತ್ತಿಗೆ ಜೆಡೈ ಪಂಗಡವೇ ಅಳಿದಿದೆ. ಓಬಿ-ವಾನ್ ಮರುಭೂಮಿಯಲ್ಲಿ, ಯೋಡ ಜೌಗುಕಾಡಿನಲ್ಲಿ ಒಬ್ಬೊಬ್ಬರೇ ಉಳಿದಿದ್ದಾರೆ. ಬಿರುದು ಕೊಡುವವರಿಲ್ಲ, ಆದರೂ ನೇಮ ಬಿಟ್ಟಿಲ್ಲ. 2005ರ ಚಿತ್ರದಲ್ಲಿ ಅನಾಕಿನ್‌ಗೆ ಜೆಡೈ ಮಂಡಳಿಯಲ್ಲಿ ಆಸನ ಸಿಗುತ್ತದೆ, ‘ಮಾಸ್ಟರ್’ ಪದವಿ ಸಿಗುವುದಿಲ್ಲ. ಅಷ್ಟಕ್ಕೇ ಕುದಿಯುತ್ತಾನೆ. ಹೆಂಡತಿಯನ್ನು ಕಳೆದುಕೊಳ್ಳುವ ಭಯವೇ ಅವನನ್ನು ಹೆಚ್ಚು ಕೆಡಿಸಿದ್ದು ನಿಜ. ಆದರೆ ಆ ಕುದಿಯೂ ಅದರೊಳಗೆ ಸೇರಿದೆ.

ಒಂಟಿ ದಾರಿಗೆ ಒಂದು ಅಪಾಯವಿದೆ ಎಂದು ಒಪ್ಪುತ್ತೇವೆ. ಕಷ್ಟದ ನೇಮವನ್ನು ಸದ್ದಿಲ್ಲದೆ ಬಿಟ್ಟು, ಸುಲಭವಾದದ್ದನ್ನಷ್ಟೇ ಇಟ್ಟುಕೊಳ್ಳಬಹುದು, ಕೇಳುವವರಿಲ್ಲ. ಲ್ಯೂಕ್‌ಗೂ ಯೋಡ ಬೇಕಾಯಿತು, ತಪ್ಪು ತೋರಿಸಲು. ನಮಗೆ ಮನೆಯಲ್ಲಿ ಅಮ್ಮನೋ ತಂಗಿಯೋ ಸಾಕು. ನಮ್ಮ ಕೋಪ ಸ್ವಲ್ಪವಾದರೂ ಇಳಿದಿದೆಯೇ ಎಂದು ಇವತ್ತೇ ಕೇಳಿ ನೋಡಿ. ಚಾರಿಟಿ ಕಮಿಷನ್‌ನಷ್ಟು ತಡಮಾಡುವುದಿಲ್ಲ ಅವರು.