ಡಿಗ್ರಿ ಉಂಟು, ತಾಳ ಎಲ್ಲಿ?

ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದವರಿಗೆಲ್ಲ ಬುದ್ಧಿ ಉಂಟು ಅಂತ ಯಾರು ಹೇಳಿದ್ದು ಮಾರಾಯ್ರೆ?

ಈ ಪ್ರಶ್ನೆ ನನ್ನದಲ್ಲ. ಹಿರಿಯಡ್ಕದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪತ್ರಿಕೆ ಕೊಂಡು ಓದುವ ಮಿತ್ರರೊಬ್ಬರದು. ಬಿ.ಕಾಂ.ನಲ್ಲಿ ಎರಡು ಸಬ್ಜೆಕ್ಟು ಹೋಯಿತಂತೆ. ಈಗ ಗ್ಯಾರೇಜಿನಲ್ಲಿ ಕೆಲಸ. ಕೈಯಲ್ಲಿ ವಿದ್ಯೆ ಇದೆ, ನಾಲ್ಕು ಕಾಸೂ ಇದೆ. ಆದರೆ ಹೆಣ್ಣು ನೋಡಲು ಹೋದಲ್ಲೆಲ್ಲ ಮೊದಲ ಪ್ರಶ್ನೆ, ‘ಹುಡುಗ ಎಷ್ಟು ಓದಿದ್ದಾನೆ?’ ಎರಡನೆಯದು ಸಂಬಳದ್ದು. ‘ಹುಡುಗನಿಗೆ ಕೆಲಸ ಬರುತ್ತದಾ?’ ಎಂದು ಇಷ್ಟರವರೆಗೆ ಒಬ್ಬರೂ ಕೇಳಿಲ್ಲವಂತೆ. ‘ಡಿಗ್ರಿ ಇಲ್ಲದವನು ದಡ್ಡನಾ ಸಾರ್?’ ಎಂದು ಬರೆದಿದ್ದಾರೆ. ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದಾರೆ. ಸಿಟ್ಟು ನ್ಯಾಯವಾದದ್ದೇ.

ಮಿತ್ರರೇ, ನೀವಿರುವ ಊರೇ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅಲ್ಲಿಂದ ಉಡುಪಿ ಬಸ್ಸು ಹತ್ತಿದರೆ ಪರ್ಕಳ ದಾಟಿ ಸಿಗುವುದು ಮಣಿಪಾಲ. ಡಾಕ್ಟರ್ ಟಿ.ಎಂ.ಎ. ಪೈಗಳು 1953ರಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ಟಿದ ಗುಡ್ಡ. ದೇಶದ ಮೂಲೆ ಮೂಲೆಯಿಂದ ಡಿಗ್ರಿಗಾಗಿ ಅಲ್ಲಿಗೆ ಜನ ಬರುತ್ತಾರೆ. ಆದರೆ ಅಮೆರಿಕದಿಂದ ಬಂದ ಒಬ್ಬ ವಿದ್ವಾಂಸೆಗೆ ಬೇಕಾದ ವಿದ್ಯೆ ಆ ಗುಡ್ಡದಲ್ಲಿ ಸಿಗಲಿಲ್ಲ. ಅದಕ್ಕೆ ಆಕೆ ನಿಮ್ಮ ಊರಿನ ಮದ್ದಳೆಗಾರರೊಬ್ಬರ ಎದುರು ಕುಳಿತುಕೊಳ್ಳಬೇಕಾಯಿತು!

ಆಕೆ ಮಾರ್ಥಾ ಆಶ್ಟನ್. ಅವರು ಹಿರಿಯಡ್ಕ ಗೋಪಾಲ ರಾವ್.

ಬಡಗುತಿಟ್ಟಿಗೆ ಏರು ಶ್ರುತಿಯ ಮದ್ದಳೆಯನ್ನು ತಂದವರು ಎಂದು ಯಕ್ಷಗಾನದವರು ಇಂದಿಗೂ ನೆನೆಯುವ ಹೆಸರು ಅದು. ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳಿಗೂ ಅವರದೇ ಮದ್ದಳೆ. ಆಶ್ಟನ್ ಅವರು ಬ್ರೂಸ್ ಕ್ರಿಸ್ಟಿ ಜೊತೆ ಬರೆದ ಯಕ್ಷಗಾನದ ಇಂಗ್ಲಿಷ್ ಪುಸ್ತಕ 1977ರಲ್ಲಿ ಹೊರಬಂತು. ಡಾಕ್ಟರೇಟು ಕೊಟ್ಟದ್ದು ಅಮೆರಿಕದ ವಿಶ್ವವಿದ್ಯಾನಿಲಯ, ಪಾಠ ಹೇಳಿದ್ದು ಹಿರಿಯಡ್ಕ. ಯಾರು ಯಾರಿಗೆ ಪರೀಕ್ಷೆ ಮಾಡಿದರು, ನೀವೇ ಹೇಳಿ!

ಮದ್ದಳೆಗಾರನ ಕೆಲಸ ಎಂಥದ್ದು ಅಂತ ಸ್ವಲ್ಪ ನೋಡಿ. ರಾತ್ರಿಯಿಡೀ ಆಟ. ಭಾಗವತರು ಪದ ಎತ್ತುತ್ತಾರೆ, ವೇಷಧಾರಿ ಕುಣಿಯುತ್ತಾನೆ. ಇವತ್ತು ಅವನಿಗೆ ಉತ್ಸಾಹ ಜಾಸ್ತಿ, ಎರಡು ಸುತ್ತು ಹೆಚ್ಚು ಹಾಕಿದ. ನಾಳೆ ಜ್ವರ, ಹೆಜ್ಜೆ ಭಾರ. ಎರಡಕ್ಕೂ ಮದ್ದಳೆ ಹೊಂದಿಕೊಳ್ಳಬೇಕು. ಅವನ ಹೆಜ್ಜೆ ತಪ್ಪಿದರೆ ಎದುರು ಕುಳಿತವರಿಗೆ ತಿಳಿಯದ ಹಾಗೆ ಮುಚ್ಚಿಕೊಳ್ಳಬೇಕು. ಸಿನಿಮಾದ ಹಾಗೆ ‘ಕಟ್, ಇನ್ನೊಂದು ಟೇಕ್’ ಅನ್ನುವ ಡೈರೆಕ್ಟರು ಅಲ್ಲಿಲ್ಲ. ಈ ಕಲೆಗೆ ಗೈಡು ಪುಸ್ತಕವೂ ಇಲ್ಲ, ಇಂಪಾರ್ಟೆಂಟ್ ಪ್ರಶ್ನೆಗಳೂ ಇಲ್ಲ.

ನಮ್ಮ ಕಾಲೇಜು ಪರೀಕ್ಷೆ ಬೇರೆ ಜಾತಿಯದು. ಮೂರು ಗಂಟೆ ಕಾಲಾವಕಾಶ. ಪ್ರಶ್ನೆ ಸಿಲಬಸ್ಸಿನ ಒಳಗಿನದು, ಉತ್ತರ ಮೊದಲೇ ಯಾರಿಗೋ ಗೊತ್ತಿರುವಂಥದು. ಅದನ್ನು ನೆನಪಿಟ್ಟುಕೊಂಡು ಬರೆದವನು ಪಾಸು. ತಪ್ಪೇನಿಲ್ಲ, ಅದೂ ಒಂದು ಶ್ರಮವೇ. ಆದರೆ ಕೆಲಸದಲ್ಲಿ ಬರುವ ಪ್ರಶ್ನೆ ಯಾವಾಗಲೂ ಸಿಲಬಸ್ಸಿನ ಆಚೆಯದು. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತರೆ, ಒಳಗೆ ಕುಳಿತ ಹತ್ತು ಪದವೀಧರರು ವಾಚು ನೋಡಿಕೊಳ್ಳುತ್ತಾರೆ. ಬಾನೆಟ್ ಎತ್ತಿ ಕಿವಿಗೊಟ್ಟು ಕೇಳುವವನು ಬೇರೆ. ನನಗೆ ಗೊತ್ತಿರುವ ಒಂದು ಕಚೇರಿಯಲ್ಲಿ ಎಂ.ಎ. ಮಾಡಿದ ಮಹಾಶಯರು ಒಬ್ಬರಿದ್ದರು. ಒಂದು ಸರಿಯಾದ ಕನ್ನಡ ಕಾಗದ ಬರೆಯಬೇಕಾದರೆ ಜವಾನನನ್ನು ಕರೆಯುತ್ತಿದ್ದರು. ಜವಾನ ಬರೆಯುತ್ತಿದ್ದ, ಇವರು ಸಹಿ ಹಾಕುತ್ತಿದ್ದರು. ಸಹಿ ಮಾತ್ರ ಬಹಳ ಚೆಂದ!

ಸಿನಿಮಾ ಪತ್ರಿಕೆಯಲ್ಲಿ ಅಣ್ಣಾವ್ರ ಮಾತು ಬಾರದೆ ಇರುತ್ತದೆಯೇ? ಪ್ರಾಥಮಿಕ ಶಾಲೆಯನ್ನೂ ಪೂರ್ತಿ ಮಾಡದ ಮುತ್ತುರಾಜ್, 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಬಾಯಿಪಾಠ. ಅದನ್ನು ಹೇಳಿ ಶಿಳ್ಳೆ ಹಾಕಿ ನಾವು ಮುಂದೆ ಹೋಗಿಬಿಡುತ್ತೇವೆ. ಆದರೆ ನಡುವೆ ಏನಾಯಿತು? ತಂದೆಯ ಜೊತೆ ಗುಬ್ಬಿ ವೀರಣ್ಣನವರ ಕಂಪೆನಿ ಸೇರಿದ ಹುಡುಗ ಸಣ್ಣಪುಟ್ಟ ಪಾತ್ರ ಮಾಡುತ್ತ, ಹಾಡುತ್ತ, ಮಾತಿನ ಏರಿಳಿತ ಕಲಿಯುತ್ತ ಬೆಳೆದ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಆತ ಹೊಸಬನಾಗಿದ್ದದ್ದು ಕ್ಯಾಮೆರಾಕ್ಕೆ ಮಾತ್ರ, ಅಭಿನಯಕ್ಕಲ್ಲ. 1974ರ ‘ಸಂಪತ್ತಿಗೆ ಸವಾಲ್’ ನಂತರ ತನ್ನ ಹಾಡು ತಾನೇ ಹಾಡಿದಾಗಲೂ ಅಷ್ಟೆ. ‘ಜೀವನ ಚೈತ್ರ’ಕ್ಕೆ 1992ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದದ್ದು ಗಾಯನಕ್ಕೆ! ಅವರು ಶಾಲೆ ಬಿಟ್ಟರು ನಿಜ, ಕಲಿಯುವುದನ್ನು ಬಿಡಲಿಲ್ಲ. ‘ಅಣ್ಣಾವ್ರೂ ಓದಿಲ್ಲ, ನಾನೂ ಓದಿಲ್ಲ’ ಎಂದು ಕಟ್ಟೆಯ ಮೇಲೆ ಬೀಡಿ ಎಳೆಯುತ್ತ ಕೂರುವ ತಮ್ಮಂದಿರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ಕೋಟದ ಕಾರಂತರೂ ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟವರು. 1977ರ ಜ್ಞಾನಪೀಠ ಅವರಿಗೆ ಬಂತು. 1978ರಲ್ಲಿ ‘ಮಲೆಯ ಮಕ್ಕಳು’ ಚಿತ್ರವನ್ನೂ ನಿರ್ದೇಶಿಸಿದರು.

ಹಾಗಂತ ಓದಿದವರನ್ನೆಲ್ಲ ಗೇಲಿ ಮಾಡುವುದೂ ಸರಿಯಲ್ಲ. ಹೊಟ್ಟೆ ಆಪರೇಷನ್ನಿಗೆ ನಾನು ಮಣಿಪಾಲದ ಡಾಕ್ಟರ ಹತ್ತಿರವೇ ಹೋಗುತ್ತೇನೆ, ಮದ್ದಳೆಗಾರರ ಹತ್ತಿರ ಅಲ್ಲ! ಗಿರೀಶ್ ಕಾಸರವಳ್ಳಿಯವರನ್ನೇ ನೋಡಿ. ಅದೇ ಮಣಿಪಾಲದಲ್ಲಿ ಬಿ.ಫಾರ್ಮ ಓದಿದವರು. ಔಷಧದ ಡಿಗ್ರಿ ಕೈಯಲ್ಲಿದ್ದರೂ ಮನಸ್ಸು ಸಿನಿಮಾದಲ್ಲಿತ್ತು. ಡಿಗ್ರಿ ಇದೆಯಲ್ಲ ಎಂದು ನೇರವಾಗಿ ಕ್ಯಾಮೆರಾ ಹಿಡಿಯಲಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ ಮೊದಲಿಂದ ಕಲಿತರು. ಆಮೇಲೆ 1977ರಲ್ಲಿ ‘ಘಟಶ್ರಾದ್ಧ’, ಅದಕ್ಕೆ ಸ್ವರ್ಣಕಮಲ. ಅವರಿಗೆ ಬಿ.ಫಾರ್ಮ ಸಿನಿಮಾ ಕಲಿಸಲಿಲ್ಲ, ಪುಣೆ ಕಲಿಸಿತು. ಯಾವ ಓದು ಯಾವ ಕೆಲಸಕ್ಕೆ ಎಂದು ನೋಡದೆ, ಬರಿಯ ಅಕ್ಷರಗಳನ್ನು ಹೆಸರಿನ ಹಿಂದೆ ಎಣಿಸುವ ಮಾವಂದಿರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಹಿರಿಯಡ್ಕದ ಮಿತ್ರರೇ, ಉಳಿದ ಎರಡು ಸಬ್ಜೆಕ್ಟಿಗೆ ಸಾಧ್ಯವಾದರೆ ಫೀಸು ಕಟ್ಟಿಬಿಡಿ. ದಡ್ಡನಲ್ಲ ಎಂದು ತೋರಿಸುವುದಕ್ಕಲ್ಲ, ನಾಳೆ ಸ್ವಂತ ಗ್ಯಾರೇಜು ಹಾಕಿದರೆ ಲೆಕ್ಕ ಬರೆಯಲಿಕ್ಕೆ ಬೇಕಾಗುತ್ತದೆ. ಸ್ಪ್ಯಾನರು ಮಾತ್ರ ಕೆಳಗಿಡಬೇಡಿ.

ಅಣ್ಣಾವ್ರ ನಾಟಕದ ದಿನಗಳ ಬಗ್ಗೆ ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಮುಂದಿನ ವಾರ.