ಪಿಯುವರೆಗೆ ರಜೆ, ಆಮೇಲಿನವರಿಗೆ?

ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: 'ನಾಳೆ ರಜೆ ಉಂಟಾ?' ರಾತ್ರಿಯೋ ಬೆಳಿಗ್ಗೆಯೋ ಜಿಲ್ಲಾಧಿಕಾರಿಯವರ ಆದೇಶ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವ ಸಾಲು, 'ಅಂಗನವಾಡಿಯಿಂದ ಪಿಯು ಕಾಲೇಜುವರೆಗೆ ರಜೆ'. ಅರೆಗಳಿಗೆಯಲ್ಲಿ ಅದರ ಕೆಳಗೆ ಇನ್ನೊಂದು ಪ್ರಶ್ನೆ ಬೀಳುತ್ತದೆ: 'ಡಿಗ್ರಿಯವರಿಗೆ?' ಉತ್ತರವಾಗಿ ನಗುವ ಇಮೋಜಿಗಳು ಬರುತ್ತವೆ.

ಆ ಪ್ರಶ್ನೆ ಕೇಳುವವರಲ್ಲಿ ನಾನೂ ಒಬ್ಬಳು. ಬೈಂದೂರು ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಉಡುಪಿಗೆ ಹೋಗಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಬಸ್ ಹಿಡಿಯಲು ಒಂದು ತೋಡು ದಾಟಬೇಕು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ. ಅದೇ ಬಸ್ಸಿನಲ್ಲಿ ನರ್ಸಿಂಗ್ ಓದುವವರು, ಜವಳಿ ಅಂಗಡಿಯ ಕೆಲಸದವರು, ಕೋಚಿಂಗ್‌ಗೆ ಹೊರಟವರು, ಸಂದರ್ಶನದ ಫೈಲು ಎದೆಗವಚಿಕೊಂಡವರು ಇರುತ್ತಾರೆ. ರಜೆಯ ಆದೇಶ ನಮ್ಮಲ್ಲಿ ಯಾರಿಗೂ ಅನ್ವಯಿಸುವುದಿಲ್ಲ. ನೆರೆ ನೀರಾದರೋ ಯಾರ ಮಾರ್ಕ್ಸ್‌ಕಾರ್ಡನ್ನೂ ನೋಡಿ ಹರಿಯುವುದಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಚಂಡಮಾರುತ, ಅಲೆ, ಮಳೆಯ ಮುನ್ಸೂಚನೆ ಬಹಳ ಸುಧಾರಿಸಿದೆ. ಆ ಮುನ್ಸೂಚನೆ ನಮ್ಮ ಮೊಬೈಲ್‌ಗೂ ಬರುತ್ತದೆ. ಆದರೆ ಅದನ್ನು ಓದಿ 'ಇವತ್ತು ಹೋಗುವುದಿಲ್ಲ' ಎಂದು ತೀರ್ಮಾನಿಸುವ ಅಧಿಕಾರ ನಮ್ಮ ವಯಸ್ಸಿನವರ ಕೈಗೆ ಇನ್ನೂ ಬಂದಿಲ್ಲ.

ಎಚ್ಚರಿಕೆ ಬೇರೆ, ತೀರ್ಮಾನ ಬೇರೆ

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ರೂಪುಗೊಂಡಾಗ ಕೇರಳ, ತಮಿಳುನಾಡಿನ ಮೀನುಗಾರರು ಅದಾಗಲೇ ಆಳಸಮುದ್ರದಲ್ಲಿದ್ದರು. ಎಚ್ಚರಿಕೆ ಅವರನ್ನು ತಲುಪಲಿಲ್ಲ. ನೂರಾರು ಮಂದಿ ಸತ್ತರು ಇಲ್ಲವೇ ಕಾಣೆಯಾದರು. 2021ರ ಮೇ ತಿಂಗಳಲ್ಲಿ ತೌತೆ ಬಂದಾಗ ಚಿತ್ರ ಬೇರೆಯಿತ್ತು. ಅದಕ್ಕೆ ಹೆಸರಿಡುವ ಮುನ್ನವೇ ಹವಾಮಾನ ಇಲಾಖೆ ಮೀನುಗಾರರಿಗೆ ದಡಕ್ಕೆ ಮರಳುವಂತೆ ಹೇಳಿತ್ತು. ಆದರೂ ಮೇ 17ರಂದು ಮುಂಬೈ ಸಮೀಪದ ಕಡಲಿನಲ್ಲಿ ಪಿ-305 ಎಂಬ ಬಾರ್ಜ್ ಮುಳುಗಿ 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರು ತೈಲಬಾವಿಗಳ ಕೆಲಸಕ್ಕೆ ಹೋಗಿದ್ದ ಕಾರ್ಮಿಕರು. ಮುನ್ಸೂಚನೆ ಇತ್ತು, ಸಮಯವೂ ಇತ್ತು. ಬಾರ್ಜನ್ನು ಬಂದರಿಗೆ ತರುವ ತೀರ್ಮಾನ ಮಾತ್ರ ಆ ಕಾರ್ಮಿಕರ ಕೈಯಲ್ಲಿ ಇರಲಿಲ್ಲ. ಕೆಲಸ ಹುಡುಕುತ್ತಿರುವ ನಾವು ಈ ಘಟನೆಯನ್ನು ನೆನಪಿಡಬೇಕು.

ಒಡಿಶಾದ ಉದಾಹರಣೆ ಇದಕ್ಕೆ ತದ್ವಿರುದ್ಧ. 1999ರ ಸೂಪರ್ ಸೈಕ್ಲೋನ್ ಅಲ್ಲಿ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಫೈಲಿನ್ ಬಂದಾಗ ಸತ್ತವರ ಸಂಖ್ಯೆ 50 ದಾಟಲಿಲ್ಲ. 2019ರ ಫನಿ ವೇಳೆ ಸುಮಾರು 12 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಫನಿ ಬಡಕಲು ಗಾಳಿಯೇನೂ ಆಗಿರಲಿಲ್ಲ. ಊರೂರಿನಲ್ಲಿ ಆಶ್ರಯ ಕಟ್ಟಡಗಳಿದ್ದವು. ಯಾರು ಯಾವಾಗ ಹೊರಡಬೇಕು ಎಂಬುದು ಮೊದಲೇ ನಿಗದಿಯಾಗಿತ್ತು.

ಅರಬ್ಬಿ ಸಮುದ್ರ ಬಂಗಾಳ ಕೊಲ್ಲಿಯಷ್ಟು ಉಗ್ರವಲ್ಲ ಎಂಬ ಹಳೆಯ ನಂಬಿಕೆಯೂ ಈಗ ಸಡಿಲಗೊಂಡಿದೆ. 2019ರ ಒಂದೇ ವರ್ಷ ಇಲ್ಲಿ ಐದು ಚಂಡಮಾರುತಗಳು ಎದ್ದವು: ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್. ಸಮುದ್ರದ ಮೇಲ್ಮೈ ಬಿಸಿಯಾದಷ್ಟೂ ಗಾಳಿಗೆ ಬಲ ಹೆಚ್ಚು. ಅಂದರೆ ನಮ್ಮ ತಲೆಮಾರು ತೂಫಾನುಗಳನ್ನು ಅಜ್ಜ-ಅಜ್ಜಿಯರಿಗಿಂತ ಹೆಚ್ಚಾಗಿ ನೋಡಬೇಕಾಗಬಹುದು.

ಬಣ್ಣ ಓದುವುದು ಹೇಗೆ?

ಯೆಲ್ಲೋ, ಆರೆಂಜ್, ರೆಡ್ ಎಂಬ ಪದಗಳು ಎಲ್ಲರ ಬಾಯಲ್ಲಿವೆ. ಅರ್ಥ ಕೆಲವರಿಗಷ್ಟೇ ಗೊತ್ತು. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಯೆಲ್ಲೋ ಎಂದರೆ ಗಮನವಿಡಿ, ಆರೆಂಜ್ ಎಂದರೆ ಸಿದ್ಧರಾಗಿರಿ, ರೆಡ್ ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದು ಅರ್ಥ. ನಾವು ಮಾಡುವುದು 'ರೆಡ್ ಅಲರ್ಟ್ ಅಂತೆ' ಎಂದು ಸ್ಟೇಟಸ್ ಹಾಕುವುದನ್ನು ಮಾತ್ರ.

ಇನ್ನೊಂದು ಮುಖ್ಯ ವಿಷಯ: ಮಳೆಯ ಎಚ್ಚರಿಕೆ ಬೇರೆ, ಕಡಲಿನ ಎಚ್ಚರಿಕೆ ಬೇರೆ. ಎತ್ತರದ ಅಲೆಗಳ ಮುನ್ಸೂಚನೆಯನ್ನು ಕೊಡುವುದು ಹೈದರಾಬಾದ್‌ನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕೊಯಿಸ್. ಆಕಾಶ ಶುಭ್ರವಾಗಿದ್ದಾಗಲೂ ಈ ಎಚ್ಚರಿಕೆ ಬರಬಹುದು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಸಾವಿರಾರು ಕಿ.ಮೀ. ದೂರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನಗಳ ನಂತರ ನಮ್ಮ ತೀರ ಮುಟ್ಟುತ್ತವೆ. ಇಲ್ಲಿ ಗಾಳಿ ಇಲ್ಲ, ಮಳೆ ಇಲ್ಲ. ಅಲೆ ಮಾತ್ರ ಏರುತ್ತದೆ. ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

2024ರ ಮೇ ತಿಂಗಳಲ್ಲಿ ಇಂಥದೇ ಎಚ್ಚರಿಕೆ ಜಾರಿಯಲ್ಲಿದ್ದಾಗ ಕನ್ಯಾಕುಮಾರಿ ಜಿಲ್ಲೆಯ ಕಡಲತೀರವೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಲುಕಿ ಸತ್ತರು. ಅದೇ ವರ್ಷ ಡಿಸೆಂಬರ್‌ನಲ್ಲಿ, ಮಳೆಗಾಲ ಮುಗಿದ ಮೇಲೆ, ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಘಟ್ಟದ ಮೇಲಿನಿಂದ ಬರುವ ಗೆಳೆಯರಿಗೆ ಕಡಲು ಎಂದರೆ ಸಂಭ್ರಮ. ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಹಾದಿಯಲ್ಲಿ ಜೋರಾಗಿ ಹಿಂದಕ್ಕೆ ಸೆಳೆಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ. ಹಾಗಾಗಿ ಹೊಸಬರಿಗೆ ಅದೇ ಶಾಂತವಾದ ಜಾಗದಂತೆ ಕಾಣುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರ ಈಜಿದವರು ದಣಿದು ಮುಳುಗುತ್ತಾರೆ. ತೇಲುತ್ತ ಉಸಿರು ಕಾಪಾಡಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ದಡದಲ್ಲಿರುವವರು ಹಿಂದೆ ಹಾರಬಾರದು. ಹಗ್ಗ, ಖಾಲಿ ಕ್ಯಾನ್, ತೇಲುವ ಏನನ್ನಾದರೂ ಎಸೆದು ಸಹಾಯಕ್ಕೆ ಕೂಗಬೇಕು. ಕರಾವಳಿಯ ಹಾಸ್ಟೆಲ್‌ಗಳಲ್ಲಿ ಮೊದಲ ವಾರವೇ ಇದನ್ನು ಹೇಳಿಕೊಡಲು ಯಾರ ಅನುಮತಿಯೂ ಬೇಕಿಲ್ಲ. ಸೀನಿಯರ್‌ಗಳು ಸಾಕು.

ಅಪಾಯ ಇರುವುದು ದಾರಿಯಲ್ಲಿ

ಮಳೆಗಾಲದ ದಿನ ಮನೆಯೂ ಕಾಲೇಜೂ ಬಹುಮಟ್ಟಿಗೆ ಸುರಕ್ಷಿತ. ಅಪಾಯ ಇರುವುದು ಎರಡರ ನಡುವೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಅವಳು ಶಾಲೆಯಿಂದ ಮನೆಗೆ ಮರಳುತ್ತಿದ್ದಳು. ಬೆಳಿಗ್ಗೆ ದಾಟಿದ ಹಳ್ಳವನ್ನು ಸಂಜೆಯೂ ದಾಟಬಹುದು ಎಂಬ ಭರವಸೆ ಮಳೆಗಾಲದಲ್ಲಿ ಇರುವುದಿಲ್ಲ.

ಹರಿಯುವ ನೀರಿನ ಬಲವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಅರ್ಧ ಅಡಿ ರಭಸದ ನೀರು ನಿಂತವರ ಕಾಲು ಕೀಳಬಲ್ಲದು. ಒಂದು ಅಡಿ ನೀರಿಗೆ ಸಣ್ಣ ಕಾರು ತೇಲತೊಡಗುತ್ತದೆ. ಎರಡು ಅಡಿ ನೀರು ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಸ್ಕೂಟಿಯ ಮಾತಂತೂ ಬೇಡ. ಇದರ ಜತೆಗೆ ಕರಾವಳಿಯಲ್ಲಿ ಉಬ್ಬರದ ಲೆಕ್ಕವೂ ಸೇರುತ್ತದೆ. ಕಡಲು ಉಬ್ಬರದಲ್ಲಿದ್ದಾಗ ಅಳಿವೆಯಲ್ಲಿ ಹೊಳೆಯ ನೀರು ಹೊರಹೋಗದೆ ಹಿಂದಕ್ಕೆ ಒತ್ತುತ್ತದೆ. ಅಷ್ಟೇ ಮಳೆಗೆ ಇಳಿತದ ವೇಳೆ ರಸ್ತೆ ಒಣಗಿರಬಹುದು, ಉಬ್ಬರದ ವೇಳೆ ಮುಳುಗಬಹುದು. ದಿನಕ್ಕೆ ಎರಡು ಉಬ್ಬರ. ಮೀನುಗಾರರ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಕಾಲೇಜಿನ ವೇಳಾಪಟ್ಟಿ ಮಾಡುವವರಿಗೂ ಗೊತ್ತಿದ್ದರೆ ಒಳ್ಳೆಯದು.

ಕಳೆದ ಮಳೆಗಾಲದ ಒಂದು ರೆಡ್ ಅಲರ್ಟ್ ದಿನ ನಮಗೆ ಆಂತರಿಕ ಪರೀಕ್ಷೆ ಇತ್ತು. ಮರುಪರೀಕ್ಷೆ ಇಲ್ಲ ಎಂದು ಮೊದಲೇ ಹೇಳಿದ್ದರು. ನೀರು ತುಂಬಿದ ರಸ್ತೆಗಳನ್ನು ದಾಟಿ ಎಲ್ಲರೂ ಬಂದರು. ಯಾರಿಗೂ ಏನೂ ಆಗಲಿಲ್ಲ. ಆ ದಿನವನ್ನು ಈಗ 'ನೋಡಿ, ಎಲ್ಲರೂ ಬಂದಿದ್ದರಲ್ಲ' ಎಂದು ಉದಾಹರಿಸುತ್ತಾರೆ. ನಾವು ಬಂದದ್ದು ದಾರಿ ಸುರಕ್ಷಿತವಾಗಿದೆ ಎಂದಲ್ಲ. ಶೇ 75 ಹಾಜರಾತಿ ಮತ್ತು ಹತ್ತಿಪ್ಪತ್ತು ಅಂಕಗಳು ಕೈತಪ್ಪುತ್ತವೆ ಎಂಬ ಭಯಕ್ಕೆ ಬಂದೆವು. ದೊಡ್ಡವರು, ತಾವೇ ಯೋಚಿಸಬಲ್ಲರು ಎಂದು ನಮ್ಮನ್ನು ಆದೇಶದಿಂದ ಹೊರಗಿಡುತ್ತಾರೆ. ಯೋಚಿಸಿ ಮನೆಯಲ್ಲಿ ಉಳಿದರೆ ಗೈರುಹಾಜರಿ ಹಾಕುತ್ತಾರೆ.

'ಬಿಸಿಲು ಬಂತಲ್ಲ' ಎನ್ನುವವರಿಗೆ

ಇದಕ್ಕೆ ಎದುರು ವಾದಗಳಿವೆ, ಅವು ಪೊಳ್ಳೂ ಅಲ್ಲ. ಮಳೆಗಾಲವಿಡೀ ರಜೆ ಕೊಟ್ಟರೆ ಪಾಠ ಮುಗಿಯುವುದು ಯಾವಾಗ? ರೆಡ್ ಅಲರ್ಟ್ ಎಂದ ದಿನ ಬಿಸಿಲು ಬಂದದ್ದೂ ಇದೆ. ಆಸ್ಪತ್ರೆ, ವಿದ್ಯುತ್, ಬಸ್ಸಿನಂಥ ಸೇವೆಗಳು ನಿಲ್ಲುವಂತಿಲ್ಲ.

ನಾನು ಕೇಳುತ್ತಿರುವುದು ಹೆಚ್ಚು ರಜೆಯನ್ನಲ್ಲ. ರೆಡ್ ಅಲರ್ಟ್ ದಿನ ಬರಲಾಗದವರಿಗೆ ಹಾಜರಾತಿ ಕಡಿತ ಇಲ್ಲ, ಪರೀಕ್ಷೆ ಇದ್ದರೆ ಇನ್ನೊಂದು ಅವಕಾಶ ಉಂಟು, ತೀರ್ಮಾನ ಹಿಂದಿನ ಸಂಜೆಯೊಳಗೆ ತಿಳಿಯುತ್ತದೆ ಎಂಬ ಮೂರು ಸಾಲಿನ ನಿಯಮ ಸಾಕು. ಹತ್ತಿರದವರು ಬರಲಿ, ತೋಡು ದಾಟಬೇಕಾದವರು ಉಳಿಯಲಿ. ಈಗಾಗಲೇ ಕೆಲವೊಮ್ಮೆ ತಾಲ್ಲೂಕುವಾರು ರಜೆ ಕೊಡುವ ಪದ್ಧತಿ ಇದೆ. ಅದೇ ವಿವೇಕವನ್ನು ಪದವಿ ಕಾಲೇಜಿಗೂ, ಸಂದರ್ಶನಗಳಿಗೂ, ಖಾಸಗಿ ಕೆಲಸದ ಜಾಗಗಳಿಗೂ ವಿಸ್ತರಿಸಬಹುದು. ಅನಿವಾರ್ಯ ಸೇವೆಯವರಿಗೆ ಮಳೆ ಇಳಿಯುವವರೆಗೆ ಉಳಿಯಲು ಒಂದು ಕೋಣೆ, ಊಟದ ವ್ಯವಸ್ಥೆ ಮಾಡುವುದು ದೊಡ್ಡ ಖರ್ಚಲ್ಲ.

ಬಿಸಿಲು ಬಂದ ದಿನದ ನಷ್ಟದ ಲೆಕ್ಕವನ್ನು ಬಂದರಿನಲ್ಲಿ ಕೇಳಿ ನೋಡಿ. ಎಚ್ಚರಿಕೆ ನಂಬಿ ಅರ್ಧಕ್ಕೇ ಮರಳಿದ ಬೋಟಿಗೆ ಡೀಸೆಲ್ ದಂಡ, ಐಸು ದಂಡ. ತೂಫಾನು ದಿಕ್ಕು ಬದಲಿಸಿದರೆ ಬೈಗುಳವೂ ಇರುತ್ತದೆ. ಆದರೂ ಮುಂದಿನ ಎಚ್ಚರಿಕೆಗೆ ಬೋಟುಗಳು ಮತ್ತೆ ಮರಳುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಯೇ ನಿಷೇಧ. ಮೀನಿನ ಸಂತಾನಕ್ಕೂ ಮೀನುಗಾರರ ಜೀವಕ್ಕೂ ಒಳ್ಳೆಯದೆಂದು ಕಡಲ ಮಕ್ಕಳು ಎರಡು ತಿಂಗಳ ದುಡಿಮೆಯನ್ನೇ ಬಿಡುತ್ತಾರೆ. ನಮಗೆ ಎರಡು ದಿನದ ತರಗತಿ ಬಿಡುವುದು ಅಷ್ಟು ಕಷ್ಟವೇ?

ನಿಯಮ ಬರುವವರೆಗೆ

ಆದೇಶಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಸಂಜೆಯೇ ನೋಡಿ, ಗ್ರೂಪಿನ ಫಾರ್ವರ್ಡ್‌ಗಳನ್ನಲ್ಲ. ಕಡಲಿಗೆ ಹೋಗುವುದಿದ್ದರೆ ಅಲೆಯ ಎಚ್ಚರಿಕೆಯನ್ನೂ ನೋಡಿ. ಸಿಡಿಲಿನ ಮಾಹಿತಿಗೆ 'ದಾಮಿನಿ', ಎಲ್ಲ ಬಗೆಯ ವಿಪತ್ತಿಗೆ 'ಸಚೇತ್' ಆ್ಯಪ್‌ಗಳಿವೆ. ಮೊಬೈಲ್ ಚಾರ್ಜ್ ಇರಲಿ. ಹೊರಟದ್ದು, ತಲುಪಿದ್ದು ಮನೆಗೆ ತಿಳಿಯಲಿ. ನಡುರಾತ್ರಿ ಸಂಕ ದಾಟುವ ಬದಲು ಪೇಟೆಯಲ್ಲಿ ಒಂದು ರಾತ್ರಿ ಉಳಿಯಲು ಗೆಳತಿಯ ಮನೆಯೊಂದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಕಡಲಿನಲ್ಲಿ ಸಿಲುಕಿದವರ ಬಗ್ಗೆ ತಿಳಿಸಲು ಕರಾವಳಿ ಕಾವಲು ಪಡೆಯ 1554. ಸಂದರ್ಶನದ ದಿನ ರೆಡ್ ಅಲರ್ಟ್ ಇದ್ದರೆ ಹಿಂದಿನ ದಿನವೇ ಇಲಾಖೆಯ ಪ್ರಕಟಣೆಯ ಜತೆ ಇ-ಮೇಲ್ ಕಳಿಸಿ ಬೇರೆ ದಿನ ಕೇಳಿ. ಅದಕ್ಕೆ ಸಿಗುವ ಉತ್ತರವೇ ಆ ಕಂಪನಿಯ ಬಗ್ಗೆ ಬಹಳಷ್ಟು ಹೇಳುತ್ತದೆ.

ಇನ್ನೊಂದು ಕೆಲಸವನ್ನು ಒಬ್ಬೊಬ್ಬರೇ ಮಾಡಲಾಗದು, ಒಟ್ಟಾಗಿ ಮಾಡಬೇಕು. ಆ ಮೂರು ಸಾಲಿನ ನಿಯಮವನ್ನು ಮನವಿಯಾಗಿ ಬರೆದು, ಪ್ರತಿ ಕಾಲೇಜಿನ ವಿದ್ಯಾರ್ಥಿ ಸಂಘ ಪ್ರಾಂಶುಪಾಲರಿಗೆ ಕೊಡಲಿ. ಮಳೆಗಾಲ ಶುರುವಾಗುವ ಮೊದಲೇ ಅದು ನೋಟಿಸ್ ಬೋರ್ಡಿಗೆ ಬರಲಿ. 'ಡಿಗ್ರಿಯವರಿಗೆ?' ಎಂಬ ಪ್ರಶ್ನೆಗೆ ಆಗ ಇಮೋಜಿ ಬೇಕಾಗುವುದಿಲ್ಲ.