ಪೂಜೆಯ ಕೊನೆಗೆ ಅಂಕ ಓದುವುದನ್ನು ನಿಲ್ಲಿಸೋಣ



ಮೇ ತಿಂಗಳು ಬಂತೆಂದರೆ ಭಾನುವಾರದ ಪೂಜೆಯ ಕೊನೆಗೆ ಒಂದು ಪಟ್ಟಿ ಓದುವುದು ನಮ್ಮಲ್ಲಿ ರೂಢಿ. ಪ್ಲಸ್ ಟೂನಲ್ಲಿ 600ಕ್ಕೆ ಇಷ್ಟು, ಹತ್ತನೇ ತರಗತಿಯಲ್ಲಿ 500ಕ್ಕೆ ಅಷ್ಟು. ಮೊದಲ ಮೂವರಿಗೆ ಶಾಲು, ಫೋಟೋ, ಚಪ್ಪಾಳೆ. 380 ತೆಗೆದ ಹುಡುಗ ಹಿಂದಿನ ಬೆಂಚಿನಲ್ಲಿ ಫೋನ್ ನೋಡುತ್ತಾ ಕೂತಿರುತ್ತಾನೆ. ಮುಂದಿನ ಭಾನುವಾರ ಅವನು ಬರುವುದೇ ಇಲ್ಲ. ಈ ರೂಢಿ ಈ ವರ್ಷವೇ ನಿಲ್ಲಬೇಕು ಎಂದು ಪಾಲನಾ ಸಮಿತಿಯನ್ನು ಕೇಳುತ್ತಿದ್ದೇನೆ.

"ಮಕ್ಕಳನ್ನು ಹುರಿದುಂಬಿಸಬಾರದಾ?" ಎಂದು ಹಿರಿಯರು ಕೇಳುತ್ತಾರೆ. ಹುರಿದುಂಬಿಸಿ. ಆದರೆ ನೀವು ಓದುವ ಆ ಒಟ್ಟು ಅಂಕವನ್ನು ಕಾಲೇಜುಗಳೇ ಎಷ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ ಅಂತ ಒಮ್ಮೆ ನೋಡಿ.

ತಮಿಳುನಾಡಿನ ಎಂಜಿನಿಯರಿಂಗ್ ಕೌನ್ಸೆಲಿಂಗ್‌ನಲ್ಲಿ ಕಟ್-ಆಫ್ 200ಕ್ಕೆ. ಗಣಿತ 100, ಭೌತಶಾಸ್ತ್ರ 50, ರಸಾಯನಶಾಸ್ತ್ರ 50. ಭಾಷೆ, ಇಂಗ್ಲಿಷ್, ಆರನೆಯ ವಿಷಯ ಯಾವುದೂ ಈ ಲೆಕ್ಕದಲ್ಲಿಲ್ಲ. ಒಬ್ಬಳು ಒಟ್ಟು 540 ತೆಗೆದಿದ್ದಾಳೆ ಅನ್ನಿ, ಅದರಲ್ಲಿ ಗಣಿತ 80, ಉಳಿದೆರಡು 85. ಅವಳ ಕಟ್-ಆಫ್ 165. ಇನ್ನೊಬ್ಬನ ಒಟ್ಟು 520, ಆದರೆ ಗಣಿತ 95, ಉಳಿದೆರಡು 92. ಅವನದು 187. ನಮ್ಮ ಪಟ್ಟಿಯಲ್ಲಿ ಶಾಲು ಅವಳಿಗೆ, ಕೌನ್ಸೆಲಿಂಗ್‌ನಲ್ಲಿ ಒಳ್ಳೆಯ ಕಾಲೇಜು ಅವನಿಗೆ. ಇಬ್ಬರ ಕಟ್-ಆಫ್ ಒಂದೇ ಆದರೆ ಮೊದಲು ಗಣಿತ, ಆಮೇಲೆ ಭೌತಶಾಸ್ತ್ರ ನೋಡುತ್ತಾರೆ. ಹೀಗೇ ನೋಡುತ್ತಾ ಹೋಗಿ ಹುಟ್ಟಿದ ದಿನಾಂಕಕ್ಕೆ ಬರುತ್ತಾರೆ, ಕೊನೆಗೆ ಕಂಪ್ಯೂಟರ್ ಕೊಡುವ ರ್‍ಯಾಂಡಮ್ ನಂಬರ್. ಚೀಟಿ ಎತ್ತಿದ ಹಾಗೆ! ಇದನ್ನು ನಾವು ಪ್ರತಿಭೆ ಎನ್ನುತ್ತೇವೆ.

ಅತ್ತಿಬೆಲೆ ಗಡಿ ದಾಟಿದರೆ ಲೆಕ್ಕವೇ ಬೇರೆ. ಕರ್ನಾಟಕದಲ್ಲಿ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ತಮಿಳುನಾಡು ಹಳ್ಳಿ ಮಕ್ಕಳಿಗೆ ಕೋಚಿಂಗ್ ಸಿಗುವುದಿಲ್ಲ ಎಂಬ ಕಾರಣ ಕೊಟ್ಟು 2007ರಲ್ಲಿ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿತು. ಅದೇ ಮಗು, ಅದೇ ತಲೆ, ಟೋಲ್‌ಗೇಟಿನ ಈಚೆ ಒಂದು ರ್‍ಯಾಂಕ್, ಆಚೆ ಇನ್ನೊಂದು. ನಿಯಮ ಮಾಡಿದವರು ಮನುಷ್ಯರು. ಅದನ್ನು ದೇವರ ತೀರ್ಪಿನಂತೆ ಪೀಠದ ಪಕ್ಕದ ಮೈಕಿನಲ್ಲಿ ಓದುವುದು ಯಾಕೆ?

ವೈದ್ಯಕೀಯದ ಕಥೆ ಇನ್ನೂ ಕಹಿ. 2017ರಿಂದ ನಮ್ಮ ರಾಜ್ಯಕ್ಕೂ ನೀಟ್ ಬಂತು. ಅರಿಯಲೂರು ಜಿಲ್ಲೆಯ ಅನಿತಾ ಎಂಬ ದಲಿತ ಹುಡುಗಿ ಪ್ಲಸ್ ಟೂನಲ್ಲಿ 1200ಕ್ಕೆ 1176 ತೆಗೆದಿದ್ದಳು. ನೀಟ್‌ನಲ್ಲಿ ಅವಳಿಗೆ ಬಂದದ್ದು 720ಕ್ಕೆ 86. ಸುಪ್ರೀಂ ಕೋರ್ಟಿನವರೆಗೆ ಹೋದಳು. ಆ ಸೆಪ್ಟೆಂಬರ್ 1ರಂದು ಅವಳು ಪ್ರಾಣ ಬಿಟ್ಟ ಸುದ್ದಿ ಬಂತು. ಎರಡು ವರ್ಷದ ಓದು ಒಂದು ದಿನದ ಪರೀಕ್ಷೆಯ ಮುಂದೆ ನಿಲ್ಲಲಿಲ್ಲ. ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿ ನೋಡಿ. 2020-21ರಲ್ಲಿ ಎಂಬಿಬಿಎಸ್ ಸೇರಿದವರಲ್ಲಿ ಹತ್ತಕ್ಕೆ ಏಳು ಮಂದಿ ಪರೀಕ್ಷೆಯನ್ನು ಮತ್ತೆ ಬರೆದವರು. ಅಂದರೆ ಇನ್ನೊಂದು ವರ್ಷ ಮನೆಯಲ್ಲಿ ಕೂರಿಸಿ ಕೋಚಿಂಗ್ ಫೀಸು ಕಟ್ಟಬಲ್ಲವರು. ಸಿಪ್ಕಾಟ್‌ನಲ್ಲಿ ಶಿಫ್ಟ್ ಕೆಲಸ ಮಾಡುವ ಅಪ್ಪನಿಗೆ ಅದು ಆಗುತ್ತದಾ?

ನಮ್ಮ ಕನ್ನಡ ಮಕ್ಕಳಿಗೆ ಇನ್ನೊಂದು ಪೆಟ್ಟು. ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಇದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ತಳಿ, ಡೆಂಕಣಿಕೋಟೆ ಕಡೆ ಕನ್ನಡದಲ್ಲಿ ಓದಿದ ಮಗು ಅರ್ಜಿ ತುಂಬುವಾಗಲೇ ಗಡಿಯಾಚೆಯ ಕೇಂದ್ರ ಆರಿಸಬೇಕು. ಇಲ್ಲವಾದರೆ ಇಂಗ್ಲಿಷ್ ಅಥವಾ ತಮಿಳು. ಬ್ರೌಸಿಂಗ್ ಸೆಂಟರಿನ ಅಣ್ಣ ಅವಸರದಲ್ಲಿ ಅರ್ಜಿ ತುಂಬುವಾಗ ಇದನ್ನು ಯಾರು ಹೇಳುತ್ತಾರೆ?

ಈಗ ಹೆತ್ತವರ ಜೊತೆ ನನ್ನ ಜಗಳ. ಸರ್ಕಾರಿ ಶಾಲೆಯಲ್ಲಿ ಚೆನ್ನಾಗಿ ಓದುತ್ತಿರುವ ಮಗುವನ್ನು ಒಂಬತ್ತಕ್ಕೋ ಹನ್ನೊಂದಕ್ಕೋ ಬಿಡಿಸಿ, ಸಾಲ ಮಾಡಿ ಮೆಟ್ರಿಕ್ಯುಲೇಷನ್ ಶಾಲೆಗೆ ಹಾಕುತ್ತೀರಿ. "ಅಲ್ಲಿ ಅಂಕ ಬರುತ್ತೆ" ಎಂಬುದೊಂದೇ ಮಾತು. 2020ರಲ್ಲಿ ವೈದ್ಯಕೀಯಕ್ಕೆ, 2021ರಲ್ಲಿ ಎಂಜಿನಿಯರಿಂಗ್‌ ಮುಂತಾದ ಕೋರ್ಸ್‌ಗಳಿಗೆ ಸರ್ಕಾರಿ ಶಾಲೆಯ ಮಕ್ಕಳಿಗೆಂದು ಶೇ. 7.5 ಮೀಸಲಾತಿ ಬಂದಿದೆ. ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿರಬೇಕು. ಅದರಲ್ಲಿ ಸೀಟು ಸಿಕ್ಕರೆ ಫೀಸು, ಹಾಸ್ಟೆಲ್ ಖರ್ಚು ಸರ್ಕಾರದ್ದು. 2022ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ವೈದ್ಯಕೀಯದ ಈ ಕಾನೂನನ್ನು ಎತ್ತಿಹಿಡಿಯಿತು. ಶಾಲೆ ಬದಲಿಸಿದ ದಿನವೇ ಆ ಬಾಗಿಲು ಮುಚ್ಚುತ್ತದೆ. ನಾಲ್ಕು ಅಂಕ ಹೆಚ್ಚು ಬಂದರೂ ಅದು ಮತ್ತೆ ತೆರೆಯುವುದಿಲ್ಲ. ಕೃಷ್ಣಗಿರಿಗೇ 2022ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ಕೂಗಳತೆಯಲ್ಲಿ!

ಪಿಯುಸಿಗೆ ಮಾತ್ರ ಬೆಂಗಳೂರಿಗೆ ಕಳಿಸುವವರೂ ಕೇಳಿ. ಕರ್ನಾಟಕದ ಸಾಮಾನ್ಯ ನಿಯಮಕ್ಕೆ ಅಲ್ಲಿ ಏಳು ವರ್ಷ ಓದಿರಬೇಕು. ಎರಡು ವರ್ಷ ಸಾಲದು. ಹೊರನಾಡು ಕನ್ನಡಿಗರಿಗೆ ಬೇರೆ ದಾರಿ ಇದೆ, ಕನ್ನಡ ಪರೀಕ್ಷೆ ಬರೆಯಬೇಕು. ಇತ್ತ ತಮಿಳುನಾಡಿಗೆ ಬಂದರೆ ನೇಟಿವಿಟಿ ಸರ್ಟಿಫಿಕೇಟಿಗೆ ತಾಲ್ಲೂಕು ಕಚೇರಿ ಸುತ್ತಾಟ.

ನಮ್ಮ ಸಭೆಯವರೂ ಸ್ವಲ್ಪ ಕೇಳಿಸಿಕೊಳ್ಳಲಿ. ಆ 7.5ರಲ್ಲಿ ಅನುದಾನಿತ ಶಾಲೆಗಳು ಸೇರಿಲ್ಲ. ಕ್ರೈಸ್ತ ಸಂಸ್ಥೆಗಳು ನಡೆಸುವ ಎಷ್ಟೋ ಅನುದಾನಿತ ಶಾಲೆಗಳಲ್ಲಿ ಓದುವವರು ಕೂಲಿಯವರ ಮಕ್ಕಳೇ. ಪಕ್ಕದ ಸರ್ಕಾರಿ ಶಾಲೆಯ ಮಗುವಿಗಿರುವ ಬಡತನವೇ ಅವರಿಗೂ, ಆದರೆ ಮೀಸಲಾತಿ ಇಲ್ಲ. ಇದರ ಬಗ್ಗೆ ನಾವು ಒಂದು ಮನವಿಪತ್ರ ಬರೆದಿದ್ದೇವಾ? ಹಬ್ಬದ ಲೈಟಿಂಗ್ ಬಗ್ಗೆ ಮಾತ್ರ ಮೂರು ಮೀಟಿಂಗ್ ಆಗುತ್ತವೆ.

"ಅಂಕ ಬೇಡ ಅಂದರೆ ಸೋಮಾರಿಗಳಾಗುತ್ತಾರೆ" ಎನ್ನುವವರಿಗೆ: ಅಂಕ ಬೇಡ ಎಂದು ನಾನು ಹೇಳುತ್ತಿಲ್ಲ. ಸೀಟು ಕಡಿಮೆ, ಕೇಳುವವರು ಜಾಸ್ತಿ, ಏನಾದರೊಂದು ಅಳತೆ ಬೇಕೇ ಬೇಕು. ಗಣಿತ ಚೆನ್ನಾಗಿ ಓದಿ, ಕಟ್-ಆಫ್‌ಗೆ ಅದೇ ಆಧಾರ. ಆದರೆ ಸೀಟು ಹಂಚಲು ಮಾಡಿಕೊಂಡ ಅಳತೆಯಿಂದ ಮಗುವಿನ ಬೆಲೆ ಅಳೆಯಬೇಡಿ. ನಾನು ಬಿಎಸ್ಸಿ ಓದಿದ್ದೇನೆ, ಇಷ್ಟಪಟ್ಟೇ ಓದಿದೆ. ಇವತ್ತಿಗೂ "ಎಂಜಿನಿಯರಿಂಗ್ ಸಿಗಲಿಲ್ಲವಾ, ಪಾಪ" ಎಂದು ಕೇಳುವ ಅಂಕಲ್‌ಗಳು ನಮ್ಮ ಧರ್ಮಕೇಂದ್ರದಲ್ಲೇ ಇದ್ದಾರೆ. ದ್ರಾಕ್ಷಿತೋಟಕ್ಕೆ ಸಂಜೆ ಐದಕ್ಕೆ ಬಂದ ಕೂಲಿಯವನ ಸಾಮತಿಗೆ ತಲೆದೂಗಿದ ಜನವೇ ಹೊರಗೆ ಬಂದು "ನಿಂದೆಷ್ಟು?" ಎಂದು ಕೇಳುತ್ತದೆ.

ಆದ್ದರಿಂದ ಫಾದರ್ ಅವರಿಗೂ ಪಾಲನಾ ಸಮಿತಿಗೂ ನಮ್ಮ ಕೋರಿಕೆ ಇಷ್ಟು. ಪಟ್ಟಿ ಓದುವ ಆ ಹತ್ತು ನಿಮಿಷ ನಮಗೆ ಕೊಡಿ. ಪಾಸಾದವರು, ಆಗದವರು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಆಶೀರ್ವದಿಸಿ, ಸಾಕು. ಪೂಜೆ ಮುಗಿದ ಮೇಲೆ ಹಾಲಿನಲ್ಲಿ ಯುವಜನರು ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇವೆ. ಅರ್ಜಿ ತುಂಬಲು ದುಡ್ಡು ಕೊಡಬೇಕಿಲ್ಲ. ಬರುವಾಗ ಅಂಕಪಟ್ಟಿ, ಆಧಾರ್, ಸಮುದಾಯ ಪ್ರಮಾಣಪತ್ರ, ಮನೆಯಲ್ಲಿ ಮೊದಲ ಪದವೀಧರರಾಗುವವರು ಫಸ್ಟ್ ಗ್ರಾಜುಯೇಟ್ ಪ್ರಮಾಣಪತ್ರ, ಸರ್ಕಾರಿ ಶಾಲೆಯವರು ಆರನೇ ತರಗತಿಯಿಂದ ಓದಿದ ಬೋನಫೈಡ್ ತನ್ನಿ. ಫೇಲ್ ಆದವರೂ ಬನ್ನಿ, ಮರುಪರೀಕ್ಷೆಯ ಅರ್ಜಿಗೆ ದಿನ ಕಡಿಮೆ ಇರುತ್ತದೆ.